ರೇಟು, ಕಾಸ್ಟು, ಚೀಪು: ವ್ಯಾಪಾರದ ಇಂಗ್ಲಿಷ್‌ನಲ್ಲಿ ನಾನು ಎಡವಿದ್ದು ಎಲ್ಲಿ?

ಕೌಲ್‌ಬಜಾರ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮ ಮನೆಯವರದ್ದು ಒಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ. ಹನ್ನೆರಡು ಮಷೀನು, ಒಂದು ಕಟಿಂಗ್ ಟೇಬಲ್ಲು. ವಾಷಿಂಗ್ ಹೊರಗೆ ಕೊಡುತ್ತೇವೆ. ಲೆಕ್ಕ ನೋಡುವುದು ನಾನು. ಪಾರ್ಟಿಗಳೆಲ್ಲ ಹೈದರಾಬಾದ್, ಸೊಲ್ಲಾಪುರ, ಹುಬ್ಬಳ್ಳಿ ಕಡೆಯವರು. ತೆಲುಗು, ಹಿಂದಿ, ಕನ್ನಡದಲ್ಲೇ ಮಾತು ಮುಗಿಯುತ್ತದೆ.

ಹೋದ ವಾರ ನೈರೋಬಿಯಲ್ಲಿ ಬಟ್ಟೆ ಅಂಗಡಿ ಇರುವ ಒಬ್ಬರು ನಮ್ಮ ಫೋಟೋ ನೋಡಿ ವಾಟ್ಸಾಪ್‌ನಲ್ಲಿ ವಿಚಾರಿಸಿದರು. 200 ಪೀಸು ಬೇಕಂತೆ. ನಾನು ಖುಷಿಯಲ್ಲಿ ಬರೆದೆ: "ಅವರ್ ಜೀನ್ಸ್ ಆರ್ ವೆರಿ ಚೀಪ್. ಕಾಸ್ಟ್ ಈಸ್ ಓನ್ಲಿ 420 ರುಪೀಸ್."

ಅವರ ಉತ್ತರ ಎರಡೇ ಸಾಲು. "ಐ ಆಮ್ ನಾಟ್ ಲುಕಿಂಗ್ ಫಾರ್ ಚೀಪ್ ಜೀನ್ಸ್." ಅದರ ಕೆಳಗೆ, "ಇಫ್ ಯುವರ್ ಕಾಸ್ಟ್ ಈಸ್ 420, ವಾಟ್ ಈಸ್ ಯುವರ್ ಪ್ರೈಸ್?"

ಕಡಿಮೆ ರೇಟು ಅಂದರೆ ಬೇಡ ಅನ್ನುವವರು ಯಾರು ಇದ್ದಾರೆ? ಕಾಸ್ಟ್, ಪ್ರೈಸ್ ಎರಡೂ ಒಂದೇ ಅಲ್ವಾ? ನಾನು ಪಿಯುಸಿ ತನಕ ಓದಿದವಳು. ಇನ್ನೂ ಉತ್ತರ ಕೊಟ್ಟಿಲ್ಲ, ನೀಲಿ ಟಿಕ್ ಮಾತ್ರ ಹೋಗಿದೆ. ಯಾರಾದರೂ ಹೇಳಿ.

ಗಂಜ್ ಗುಮಾಸ್ತ

ಅಮ್ಮ, ನಾನು ರಾಯಚೂರಿನ ಗಂಜ್‌ನಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಗಂಜ್ ಅಂದರೆ ರೈತರ ಬೆಳೆ ಮಾರುವ ಪೇಟೆ. ಹತ್ತಿ, ತೊಗರಿ, ಭತ್ತ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ನಿಮ್ಮ ಎರಡನೇ ಸಾಲು ನನಗೆ ಅರ್ಥವಾಯಿತು. ಕಾಸ್ಟ್ ಅಂದರೆ ನಿಮ್ಮ ಅಸಲು. ಬಟ್ಟೆ, ದಾರ, ಜಿಪ್ಪು, ಗುಂಡಿ, ಹೊಲಿಗೆ ಕೂಲಿ, ವಾಷಿಂಗು, ಬಾಡಿಗೆ ಎಲ್ಲ ಕೂಡಿ ನಿಮಗೆ ಬಿದ್ದದ್ದು. ಪ್ರೈಸ್ ಅಂದರೆ ನೀವು ಮಾರುವುದು. ನೀವು ನಿಮ್ಮ ಅಸಲೇ 420 ಅಂತ ಗಿರಾಕಿಗೆ ಬಾಯಿ ಬಿಟ್ಟಿದ್ದೀರಿ. ಗಂಜ್‌ನಲ್ಲಿ ಯಾರೂ ಈ ತಪ್ಪು ಮಾಡುವುದಿಲ್ಲ, ಕನ್ನಡದಲ್ಲಿ ಆದರೂ!

ಅವರು ಒಳ್ಳೆಯವರು ಅಂತ ಕಾಣುತ್ತದೆ. ಬೇರೆಯವರಾಗಿದ್ದರೆ ಸುಮ್ಮನೆ "ಓಕೆ 420" ಅಂತ ಮುಗಿಸಿಬಿಡುತ್ತಿದ್ದರು.

ಕೌಲ್‌ಬಜಾರ್ ಲೆಕ್ಕ

ಅಯ್ಯೋ ದೇವರೇ. ಅಸಲು 345 ಬೀಳುತ್ತದೆ. 420 ನಮ್ಮ ಮಾರುವ ರೇಟು. ಈ ಅಸಲು ಇಲ್ಲಿ ಬರೆದದ್ದನ್ನು ನಮ್ಮ ಮನೆಯವರಿಗೆ ಯಾರೂ ಹೇಳಬೇಡಿ.

ಮಾನ್ವಿ ಮಾಸ್ತರ್

ನಿವೃತ್ತ ಇಂಗ್ಲಿಷ್ ಮಾಸ್ತರ್ ನಾನು. ಗುಮಾಸ್ತರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಕಾಸ್ಟ್ ನಾಮಪದ ಆದಾಗ ಮಾರುವವರ ಬಾಯಲ್ಲಿ ಹಾಗೆ. ಕ್ರಿಯಾಪದ ಆದಾಗ ಗಿರಾಕಿಯ ಕಡೆಯಿಂದಲೂ ಬರುತ್ತದೆ. "ಹೌ ಮಚ್ ಡಸ್ ಇಟ್ ಕಾಸ್ಟ್?" ಅಂತ ಕೇಳುವುದು ಪೂರ್ತಿ ಸರಿ. "ಇಟ್ ಕಾಸ್ಟ್ಸ್ 420" ಅನ್ನುವುದೂ ಸರಿ. ನಮ್ಮ ತಂಗಿ ಬರೆದ "ಕಾಸ್ಟ್ ಈಸ್ 420" ಮಾತ್ರ ಮಾರುವವರ ಬಾಯಲ್ಲಿ ಅಸಲಿನ ಹಾಗೆ ಕೇಳಿಸುತ್ತದೆ. ಇನ್ನೊಂದು. ಇದರ ಭೂತಕಾಲವೂ ಕಾಸ್ಟ್ ಎಂದೇ. "ಇಟ್ ಕಾಸ್ಟೆಡ್ ಮಿ" ಅಂತ ನನ್ನ ಮಕ್ಕಳು ಎಷ್ಟು ಸಲ ಬರೆದಿದ್ದಾರೋ!

ಇನ್ನು ಚೀಪ್. ಬೆಲೆ ಕಡಿಮೆ ಎಂಬ ಅರ್ಥ ಅದಕ್ಕೆ ಇದೆ, ಸುಳ್ಳಲ್ಲ. "ಚೀಪ್ ಟಿಕೆಟ್", "ಚೀಪ್ ಫ್ಲೈಟ್" ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಕೈಯಲ್ಲಿ ಹಿಡಿದು ನೋಡುವ ವಸ್ತುವಿಗೆ ಚೀಪ್ ಅಂದರೆ ಕಳಪೆ ಎಂಬ ವಾಸನೆ ಬಂದುಬಿಡುತ್ತದೆ. ಮನುಷ್ಯರಿಗೆ ಅಂದರಂತೂ ಬೈಗುಳ. ನಾವೇ ಕನ್ನಡದಲ್ಲಿ "ಅವನು ಚೀಪ್ ಮನುಷ್ಯ" ಅನ್ನುವುದಿಲ್ಲವೇ? ಆ ವಾಸನೆಯೇ ಅದು.

ಸಣಾಪುರ ಹರಿಗೋಲು

ಅಕ್ಕ, ನಮ್ಮ ಕಡೆ ದಿನಾ ಇದೇ ಕಥೆ. ನಮ್ಮದು ಆನೆಗೊಂದಿ ಹತ್ತಿರ ನಾಲ್ಕು ರೂಮು. ಹಂಪಿ ನೋಡಲು ಬಂದ ಫಾರಿನ್‌ನವರು ಹೊಳೆ ದಾಟಿ ನಮ್ಮ ಕಡೆ ಉಳಿಯುತ್ತಾರೆ. ಮೊದಲ ವರ್ಷ ಗೋಡೆಗೆ "ಚೀಪ್ ಅಂಡ್ ಬೆಸ್ಟ್ ರೂಮ್ಸ್" ಅಂತ ಬರೆಸಿದ್ದೆ. ಒಬ್ಬಳು ಹುಡುಗಿ ನಕ್ಕು ಅದರ ಫೋಟೋ ತೆಗೆದುಕೊಂಡಳು. ರೂಮು ಮಾತ್ರ ತಗೊಳ್ಳಲಿಲ್ಲ.

ಈಗ "ಅಫೋರ್ಡಬಲ್" ಅಂತ ಬರೆಸಿದ್ದೇನೆ. ಕೈಗೆಟುಕುವಂಥದ್ದು ಅಂತ. "ರೀಸನಬಲ್" ಅಂದರೂ ನಡೆಯುತ್ತದೆ, ನ್ಯಾಯವಾದ ರೇಟು. "ಗುಡ್ ವ್ಯಾಲ್ಯೂ" ಅಂತ ಅವರೇ ಹೇಳುತ್ತಾರೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನುವುದಕ್ಕೆ. ನೀವು ಜೀನ್ಸಿಗೆ ಇದನ್ನೇ ಬರೆಯಿರಿ.

ನಮ್ಮಲ್ಲಿ ನಡೆದ ಇನ್ನೊಂದು ಹೇಳುತ್ತೇನೆ. ಇಂಗ್ಲೆಂಡಿನ ಗಂಡ ಹೆಂಡತಿ ಬಂದರು. ಡಿಸೆಂಬರ್ ಸೀಸನ್ನು, ರೂಮಿಗೆ 2,200 ಅಂದೆ. ಆಕೆ "ದಟ್ಸ್ ಎ ಬಿಟ್ ಸ್ಟೀಪ್" ಅಂದಳು. ಸ್ಟೀಪ್ ಅಂದರೆ ಕಡಿದಾದ ಏರು ಅಂತ ಶಾಲೆಯಲ್ಲಿ ಓದಿದ್ದೆ. ಅಂಜನಾದ್ರಿ ಬೆಟ್ಟದ ಮಾತು ಅಂದುಕೊಂಡೆ. "ನೋ ನೋ ಮೇಡಂ, ಓನ್ಲಿ 575 ಸ್ಟೆಪ್ಸ್, ಓಲ್ಡ್ ಪೀಪಲ್ ಆಲ್ಸೋ ಕ್ಲೈಂಬಿಂಗ್" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಗಂಡ ಬೆರಳಿನಲ್ಲಿ ದುಡ್ಡಿನ ಸನ್ನೆ ಮಾಡಿದ. ರೇಟು ಜಾಸ್ತಿಯಾಯಿತು ಅಂತ ಅವಳು ಹೇಳಿದ್ದು!

ಸಿಂಧನೂರು ಹುಡುಗಿ

ಬೆಟ್ಟದ ಕಥೆ ಓದಿ ಆಫೀಸಿನಲ್ಲಿ ನಕ್ಕು ನಕ್ಕು ಸಾಕಾಯಿತು 😂

ಬಿಸಿಲು ನಾಡು

ಇಷ್ಟೆಲ್ಲ ಯಾಕೆ? ನಾನೂರಿಪ್ಪತ್ತು ಅಂತ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸಿದರೆ ಮುಗಿಯಿತು. ವ್ಯಾಪಾರಕ್ಕೆ ಭಾಷೆ ಬೇಕಿಲ್ಲ.

ಗಂಜ್ ಗುಮಾಸ್ತ

ನೈರೋಬಿಗೆ ಕ್ಯಾಲ್ಕುಲೇಟರ್ ಹೇಗೆ ತೋರಿಸುತ್ತೀರಿ?

ಕಿನ್ನಾಳ ಬಣ್ಣ

ಇಲ್ಲಿ ಒಂದು ಅನುಮಾನ. ನಾವು ಕಿನ್ನಾಳದ ಗೊಂಬೆಗಳನ್ನು ಮೇಳಗಳಿಗೆ ಒಯ್ಯುತ್ತೇವೆ. ಒಬ್ಬ ಬಿಳಿಯ ಗಿರಾಕಿ ಹಸು-ಕರು ಗೊಂಬೆ ಹಿಡಿದುಕೊಂಡು "ಕ್ಯಾನ್ ಐ ಮೇಕ್ ಯು ಆನ್ ಆಫರ್?" ಅಂದ. ನಾನು ತಕ್ಷಣ "ನೋ ಆಫರ್ ಸರ್, ಫಿಕ್ಸೆಡ್ ರೇಟ್" ಅಂದೆ. ಅವನು ಇಟ್ಟು ಹೋದ. ಆಫರ್ ಅಂದರೆ ರಿಯಾಯಿತಿ ತಾನೆ? ದೀಪಾವಳಿ ಆಫರ್, ಯುಗಾದಿ ಆಫರ್ ಅಂತ ಬೋರ್ಡ್ ಇರುತ್ತದಲ್ಲ?

ಸಿಂಧನೂರು ಹುಡುಗಿ

ಅಣ್ಣ, ನಿಮ್ಮ ಕೈಯಿಂದ ಗಿರಾಕಿ ತಪ್ಪಿತು. ನಾನು ಬೆಂಗಳೂರಿನಲ್ಲಿ ಇಂಗ್ಲೆಂಡಿನ ಗಿರಾಕಿಗಳ ಫೋನು ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ, ಈ ಪದ ದಿನಾ ಕಿವಿಗೆ ಬೀಳುತ್ತದೆ. ಅಂಗಡಿ ಬೋರ್ಡಿನ "ಸ್ಪೆಷಲ್ ಆಫರ್" ಅವರಲ್ಲೂ ಇದೆ. ಆದರೆ ಗಿರಾಕಿ "ಮೇಕ್ ಆನ್ ಆಫರ್" ಅಂದರೆ "ನಾನು ಇಷ್ಟು ಕೊಡುತ್ತೇನೆ, ಆಗುತ್ತಾ?" ಅಂತ. ನಮ್ಮ ಸಂತೆಯಲ್ಲಿ "ನೀವು ಎಷ್ಟಕ್ಕೆ ಕೇಳುತ್ತೀರಿ ಹೇಳಿ" ಅನ್ನುತ್ತೇವಲ್ಲ, ಅದೇ. ಅವನು ಚೌಕಾಸಿ ಶುರು ಮಾಡಿದ್ದ. ನೀವು ಬಾಗಿಲು ಹಾಕಿದಿರಿ.

ನಿಜ ಹೇಳಬೇಕೆಂದರೆ, ಗೊತ್ತಿಲ್ಲದ ಪದ ನನಗೆ ಅಷ್ಟು ತೊಂದರೆ ಕೊಡಲಿಲ್ಲ. ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಕೇಳಿಕೊಳ್ಳುತ್ತೇವೆ. ಕೈ ಕೊಟ್ಟಿದ್ದು ಮನೆಯಲ್ಲಿ ಚಿಕ್ಕಂದಿನಿಂದ ಆಡಿದ ಇಂಗ್ಲಿಷ್ ಪದಗಳು. ರೇಟು, ಚಾರ್ಜು, ಬ್ಯಾಲೆನ್ಸು, ಅಡ್ವಾನ್ಸು. ಇವು ನಮ್ಮ ಊರಿಗೆ ಬಂದು ನಮ್ಮವೇ ಆಗಿವೆ. ಅವರ ಮನೆಗೆ ವಾಪಸು ಕಳಿಸಿದರೆ ಅವರಿಗೇ ಗುರುತು ಸಿಗುವುದಿಲ್ಲ.

ಬಸ್ ಚಾರ್ಜ್ ಎಷ್ಟು ಅಂತ ನಾವು ಕೇಳುತ್ತೇವೆ. ಅವರಿಗೆ ಅದು ಫೇರ್. ಬಸ್ಸು, ರೈಲು, ಆಟೋ, ವಿಮಾನ, ಹತ್ತಿ ಹೋಗುವುದಕ್ಕೆಲ್ಲ ಫೇರ್. ಡಾಕ್ಟರು, ವಕೀಲರು, ಶಾಲೆಗೆ ಕೊಡುವುದು ಫೀ. ಇದರಲ್ಲಿ ನಾವು ಸರಿಯಾಗಿದ್ದೇವೆ, ಫೀಸು ಅಂತ ಸ್ವಲ್ಪ ಉದ್ದ ಮಾಡಿದ್ದೇವೆ ಅಷ್ಟೇ. ಚಾರ್ಜ್ ಅಂದರೆ ಒಂದು ಸೇವೆಗೆ ಹಾಕುವ ದುಡ್ಡು, ಡೆಲಿವರಿ ಚಾರ್ಜ್ ಅನ್ನುವ ಹಾಗೆ. ರಸ್ತೆಯಲ್ಲಿ ಕಟ್ಟುವುದು ಟೋಲ್. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಫೈನ್.

ಬ್ಯಾಲೆನ್ಸ್ ಕಥೆ ಕೇಳಿ. ಅಂಗಡಿಯವರು ಐನೂರರ ನೋಟು ತಗೊಂಡು ಉಳಿದದ್ದು ವಾಪಸು ಕೊಡಬೇಕಲ್ಲ, ನಾವು "ಬ್ಯಾಲೆನ್ಸ್ ಕೊಡಿ" ಅನ್ನುತ್ತೇವೆ. ಅವರಲ್ಲಿ ಅದು ಚೇಂಜ್. ಚಿಲ್ಲರೆಗೂ ಅದೇ ಪದ. ಬ್ಯಾಲೆನ್ಸ್ ಅಂದರೆ ಖಾತೆಯಲ್ಲಿ ಉಳಿದದ್ದು, ಇಲ್ಲವೇ ಗಿರಾಕಿ ಇನ್ನೂ ಕೊಡಬೇಕಾದ ಬಾಕಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಬ್ಬ ಅಜ್ಜನಿಗೆ ಹೆಚ್ಚು ಕಟ್ಟಿದ ದುಡ್ಡು ವಾಪಸು ಬರುತ್ತದೆ ಅಂತ ಹೇಳಬೇಕಿತ್ತು. "ಯು ಹ್ಯಾವ್ ಎ ಬ್ಯಾಲೆನ್ಸ್ ಆಫ್ ಟ್ವೆಲ್ವ್ ಪೌಂಡ್ಸ್" ಅಂದುಬಿಟ್ಟೆ. ತಾನು ಇನ್ನೂ ಹನ್ನೆರಡು ಪೌಂಡು ಕಟ್ಟಬೇಕು ಅಂತ ತಿಳಿದು ಪಾಪ ಅಜ್ಜ ಕೂಗಾಡಿದ. ಹೇಳಬೇಕಾಗಿದ್ದ ಪದ ರಿಫಂಡ್.

ಕಿನ್ನಾಳ ಬಣ್ಣ

ಅಯ್ಯೋ, ಆ ಹಸು-ಕರು ಇನ್ನೂ ಮನೆಯಲ್ಲೇ ಇದೆ.

ಮಾನ್ವಿ ಮಾಸ್ತರ್

ಸಿಂಧನೂರಿನ ಮಗಳು ಚೆನ್ನಾಗಿ ಹೇಳಿದಳು. ನಾನು ರೇಟ್ ಬಗ್ಗೆ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ರೇಟ್ ಅಂದರೆ ಒಂದು ಅಳತೆಗೆ ಇಷ್ಟು ಅನ್ನುವ ಲೆಕ್ಕ. ಬಡ್ಡಿಯ ರೇಟ್, ಡಾಲರಿನ ರೇಟ್, ಗಂಟೆಗೆ ಇಷ್ಟು ಅನ್ನುವ ಕೂಲಿಯ ರೇಟ್, ರಾತ್ರಿಗೆ ಇಷ್ಟು ಅನ್ನುವ ರೂಮಿನ ರೇಟ್. ಅಂಗಡಿಯಲ್ಲಿ ಒಂದು ಸೀರೆ ಹಿಡಿದು "ವಾಟ್ ಈಸ್ ದಿ ರೇಟ್?" ಅನ್ನುವುದು ನಮ್ಮ ದೇಶದ ಇಂಗ್ಲಿಷ್. ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ "ಹೌ ಮಚ್ ಈಸ್ ದಿಸ್?" ಅಂದರೆ ಸಾಕು. ನಾಲ್ಕೇ ಪದ. ಒಂದಕ್ಕಿಂತ ಹೆಚ್ಚಿದ್ದರೆ "ಹೌ ಮಚ್ ಆರ್ ದೀಸ್?" ಈಸ್ ಜಾಗದಲ್ಲಿ ಆರ್ ಹಾಕುವಾಗ ಹುಷಾರು. ನನ್ನ ತರಗತಿಯ ಹುಡುಗನೊಬ್ಬ ನಾಟಕದಲ್ಲಿ ಅಂಗಡಿಯವನಿಗೆ "ಹೌ ಮಚ್ ಆರ್ ಯು?" ಅಂದ. ಅಂಗಡಿಯವನ ಪಾತ್ರದ ಹುಡುಗ ನಾಚಿ ಒಳಗೆ ಓಡಿಹೋದ.

ಕಿಲೋಗೆ ನಲವತ್ತು ರೂಪಾಯಿ ಅನ್ನಲು "ಫಾರ್ಟಿ ರುಪೀಸ್ ಎ ಕಿಲೋ". ಆ "ಎ" ಒಂದಕ್ಷರವೇ ನಮ್ಮ "ಗೆ" ಪ್ರತ್ಯಯದ ಕೆಲಸ ಮಾಡುತ್ತದೆ. ಪರ್ ಕಿಲೋ ಅಂದರೂ ಸರಿ.

ಮತ್ತೆ, "ಪ್ರೈಸ್ ಈಸ್ ಕಾಸ್ಟ್ಲಿ" ಬೇಡ. ಸಾಮಾನು ಎಕ್ಸ್‌ಪೆನ್ಸಿವ್, ಬೆಲೆ ಹೈ. ಸಾಮಾನು ಚೀಪ್, ಬೆಲೆ ಲೋ.

ಬಿಸಿಲು ನಾಡು

ಮಾಸ್ತರ್, ಕಾಸ್ಟ್ಲಿ ಅನ್ನುವ ಪದವೇ ತಪ್ಪಾ? ತಪ್ಪು ಅಂತಲೇ ನನ್ನ ಸೊಸೆ ಅನ್ನುತ್ತಾಳೆ. ಕಾನ್ವೆಂಟ್‌ನಲ್ಲಿ ಓದಿದವಳು. ನಾನು ಅಂದರೆ ತಿದ್ದುತ್ತಾಳೆ.

ಮಾನ್ವಿ ಮಾಸ್ತರ್

ತಪ್ಪಲ್ಲ ಯಜಮಾನರೇ. ಡಿಕ್ಷನರಿಯಲ್ಲಿ ಇದೆ, ಹಳೆಯ ಪದ. ಈಗ ಅವರು ಅಂಗಡಿಯ ಸಾಮಾನಿಗೆ ಎಕ್ಸ್‌ಪೆನ್ಸಿವ್ ಅನ್ನುವುದು ಜಾಸ್ತಿ. ಕಾಸ್ಟ್ಲಿಯನ್ನು ಬಹಳ ಸಲ ಪೆಟ್ಟು ಕೊಟ್ಟ ವಿಷಯಕ್ಕೆ ಇಟ್ಟುಕೊಂಡಿದ್ದಾರೆ. "ಕಾಸ್ಟ್ಲಿ ಮಿಸ್ಟೇಕ್" ಅನ್ನುತ್ತಾರೆ, ತುಟ್ಟಿಯಾಗಿ ಬಿದ್ದ ತಪ್ಪು. ಸೊಸೆಗೆ ಹೇಳಿ, ಮಾವನದು ತಪ್ಪಲ್ಲ ಅಂತ. ಜಗಳಕ್ಕೆ ಮಾತ್ರ ನನ್ನ ಹೆಸರು ತರಬೇಡಿ.

ಗಂಜ್ ಗುಮಾಸ್ತ

ತುಟ್ಟಿ ಅಂದಿರಿ ನೋಡಿ, ಖುಷಿಯಾಯಿತು. ಬೆಂಗಳೂರಿನವರು ದುಬಾರಿ ಅನ್ನುತ್ತಾರೆ. ನಮಗೆ ಅದು ತುಟ್ಟಿ, ಅಗ್ಗ ಆದರೆ ಸೋವಿ. ಗಂಜ್‌ನಲ್ಲಿ ಧಾರಣಿ ಏರಿದರೆ ತೇಜಿ, ಇಳಿದರೆ ಮಂದಿ. ನಮ್ಮ ಮಾತಿನಲ್ಲಿ ಉರ್ದು ಬಹಳ. 1948ರ ತನಕ ರಾಯಚೂರು, ಕೊಪ್ಪಳ ನಿಜಾಮರ ರಾಜ್ಯದಲ್ಲಿ ಇದ್ದವಲ್ಲ. ಬಳ್ಳಾರಿ ಮದ್ರಾಸಿನವರ ಕೈಯಲ್ಲಿತ್ತು. ನಮ್ಮ ಅಜ್ಜಿ "ಹಾಲಿ ರೂಪಾಯಿಯೋ ಕಲ್ದಾರೋ?" ಅಂತ ಕೇಳುತ್ತಿದ್ದಳಂತೆ. ನಿಜಾಮರ ರೂಪಾಯಿ ಹಾಲಿ, ಬ್ರಿಟಿಷರದ್ದು ಕಲ್ದಾರ. ತುಂಗಭದ್ರೆ ದಾಟಿದರೆ ದುಡ್ಡೇ ಬೇರೆ. ಈಗ ನಮ್ಮ ತಂಗಿಗೆ ಶಿಲ್ಲಿಂಗ್, ಡಾಲರ್ ಬಂತು. ಹೊಸದೇನಲ್ಲ ಬಿಡಿ.

ಬಿಸಿಲು ನಾಡು

ಅಂದ ಹಾಗೆ ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಹೋಗಿದ್ದು. ಇದು ಎಲ್ಲರಿಗೂ ಗೊತ್ತು. ನಮ್ಮ ಪದ ಕದ್ದು ನಮಗೇ ಪಾಠ.

ಮಾನ್ವಿ ಮಾಸ್ತರ್

ಅರ್ಧ ನಿಜ. ಕ್ಯಾಶ್ ಎರಡು ಇವೆ. ದಕ್ಷಿಣ ಭಾರತದ, ಚೀನಾದ ಸಣ್ಣ ನಾಣ್ಯಗಳಿಗೆ ಇಂಗ್ಲಿಷರು ಕ್ಯಾಶ್ ಅನ್ನುತ್ತಿದ್ದರು. ಅದು ಕಾಸಿನಿಂದ ಪೋರ್ಚುಗೀಸರ ಬಾಯಿ ಮೂಲಕ ಹೋದದ್ದು. ಕೈಯಲ್ಲಿರುವ ನಗದು ಎಂಬ ಕ್ಯಾಶ್ ಬೇರೆ, ಹಣದ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್, ಇಟಾಲಿಯನ್ ಪದದಿಂದ ಬಂದದ್ದು. ಗಲ್ಲಾಪೆಟ್ಟಿಗೆಯೇ ದುಡ್ಡಾಯಿತು ಅಂದುಕೊಳ್ಳಿ.

ನಿಮಗೆ ಖುಷಿ ಕೊಡುವ ಇನ್ನೊಂದು ಹೇಳಲೇ? ಚೀಪ್ ಪದಕ್ಕೆ ಮೊದಲು ಅಗ್ಗ ಅನ್ನುವ ಅರ್ಥವೇ ಇರಲಿಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಅದು ವ್ಯಾಪಾರ, ಸಂತೆ. ಲಂಡನ್ನಿನಲ್ಲಿ ಚೀಪ್‌ಸೈಡ್ ಅನ್ನುವ ಬೀದಿ ಇದೆ. ಅಗ್ಗದ ಬೀದಿ ಅಲ್ಲ, ಪೇಟೆ ಬೀದಿ. "ಗುಡ್ ಚೀಪ್" ಅಂದರೆ ಒಳ್ಳೆಯ ವ್ಯಾಪಾರ ಅಂತಿತ್ತು. ಬರುಬರುತ್ತಾ ಗುಡ್ ಬಿದ್ದುಹೋಯಿತು, ಚೀಪ್ ಉಳಿಯಿತು. ಆಮೇಲೆ ಅದರ ಮರ್ಯಾದೆಯೂ ಹೋಯಿತು.

ಕೌಲ್‌ಬಜಾರ್ ಲೆಕ್ಕ

ಮಾಸ್ತರೇ, ಇದೆಲ್ಲ ಚೆನ್ನಾಗಿದೆ. ಆದರೆ ನನ್ನ ಗಿರಾಕಿ ಕಾಯುತ್ತಿದ್ದಾರೆ. ಎಲ್ಲರೂ ಹೇಳಿದ್ದನ್ನು ಸೇರಿಸಿ ಹೀಗೆ ಬರೆದೆ, ನೋಡಿ: "ಸಾರಿ ಫಾರ್ ದಿ ಕನ್‌ಫ್ಯೂಷನ್. ಅವರ್ ಪ್ರೈಸ್ ಈಸ್ 420 ರುಪೀಸ್ ಎ ಪೀಸ್. ದಿ ಕ್ವಾಲಿಟಿ ಈಸ್ ಗುಡ್ ಅಂಡ್ ದಿ ಪ್ರೈಸ್ ಈಸ್ ರೀಸನಬಲ್." ಕಳಿಸಲಾ?

ಸಿಂಧನೂರು ಹುಡುಗಿ

ಕಳಿಸಿ ಅಕ್ಕ! ಶಿಪ್ಪಿಂಗ್ ಸೇರಿದೆಯೋ ಇಲ್ಲವೋ ಅದನ್ನೂ ಹೇಳಿ. "ಶಿಪ್ಪಿಂಗ್ ಈಸ್ ನಾಟ್ ಇನ್‌ಕ್ಲೂಡೆಡ್." ಇಲ್ಲದಿದ್ದರೆ ನೈರೋಬಿ ತನಕ ನಿಮ್ಮ ತಲೆಗೇ ಬೀಳುತ್ತದೆ.

ಸಣಾಪುರ ಹರಿಗೋಲು

ಇನ್‌ಕ್ಲೂಡೆಡ್! ಈ ಪದದಿಂದ ನಾನು ಎಷ್ಟು ಕಳೆದುಕೊಂಡಿದ್ದೇನೆ! "ಈಸ್ ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್?" ಅಂದರೆ ಬೆಳಗಿನ ತಿಂಡಿ ಸಿಗುತ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು "ಯೆಸ್ ಯೆಸ್" ಅನ್ನುತ್ತಿದ್ದೆ. ಮೂರು ದಿನ ದೋಸೆ ತಿಂದು ದುಡ್ಡು ಕೊಡದೆ ಹೋದರು. ಅವರದೇನು ತಪ್ಪು? ಹರಿಗೋಲಿಗೂ ಹಾಗೇ. ಒಂದು ಹರಿಗೋಲಿಗೆ ಇಷ್ಟು ಅಂತ ನಾನು ಹೇಳಿದ್ದು. ತಲೆಗೆ ಇಷ್ಟು ಅಂತ ಅವರು ತಿಳಿದು ವಾಪಸು ಹೊರಟಿದ್ದರು. ಈಗ ಮೊದಲೇ ಬಿಡಿಸಿ ಹೇಳುತ್ತೇನೆ. "ಪರ್ ಪರ್ಸನ್", "ಪರ್ ನೈಟ್", "ಫಾರ್ ದಿ ಹೋಲ್ ಬೋಟ್".

ಅವರ ಬೇರೆ ಮಾತುಗಳೂ ಇವೆ. ಇಂಗ್ಲೆಂಡಿನವರು ಪೌಂಡಿಗೆ ಕ್ವಿಡ್ ಅನ್ನುತ್ತಾರೆ, ಹತ್ತಾದರೂ ಕ್ವಿಡ್ ಅಂತಲೇ, ಕ್ವಿಡ್ಸ್ ಇಲ್ಲ. ಅಮೆರಿಕದವರು ಡಾಲರಿಗೆ ಬಕ್. ಊಟ ಆದಮೇಲೆ ಅಮೆರಿಕದವರು "ಚೆಕ್" ಕೇಳುತ್ತಾರೆ. ಬ್ಯಾಂಕಿನ ಚೆಕ್ ಅಂದುಕೊಂಡು ನಮ್ಮಪ್ಪ "ಓನ್ಲಿ ಕ್ಯಾಶ್" ಅಂದರು. ಅದು ಬಿಲ್ಲು! "ಐ ಆಮ್ ಬ್ರೋಕ್" ಅಂದರೆ ಮೂಳೆ ಮುರಿದದ್ದಲ್ಲ, ಜೇಬು ಖಾಲಿ. ಅದು ಕೇಳಿದ ದಿನ ನಮ್ಮ ಅವ್ವ ಎಣ್ಣೆ ಬಿಸಿ ಮಾಡಲು ಹೊರಟಿದ್ದಳು.

ಕಿನ್ನಾಳ ಬಣ್ಣ

ಮೋಸ ಹೋದೆವು ಅನ್ನುವುದಕ್ಕೆ ಏನನ್ನುತ್ತಾರೆ? ಪೇಟೆಯಲ್ಲಿ ಒಬ್ಬರು ಬಣ್ಣದ ಡಬ್ಬಿಗೆ ಎಂಆರ್‌ಪಿ ಮೇಲೆ ಮೂವತ್ತು ರೂಪಾಯಿ ಜಾಸ್ತಿ ತಗೊಂಡರು. ಕೇಳಿದರೆ ಟ್ಯಾಕ್ಸ್ ಬೇರೆ ಅಂದರು.

ಗಂಜ್ ಗುಮಾಸ್ತ

ಅದು ಶುದ್ಧ ತಪ್ಪು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಜಿಎಸ್‌ಟಿಯೂ ಅದರೊಳಗೇ. ಡಬ್ಬಿಯ ಮೇಲೆ ಓದಿ, ಬರೆದೇ ಇರುತ್ತದೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಜಾಸ್ತಿಗೆ ಇಲ್ಲ. ಬಿಲ್ಲು ಇಟ್ಟುಕೊಂಡಿದ್ದರೆ ಹೋಗಿ ಕೇಳಿ.

ಸಿಂಧನೂರು ಹುಡುಗಿ

ಅದಕ್ಕೆ "ರಿಪ್-ಆಫ್" ಅನ್ನುತ್ತಾರೆ. ಸುಲಿಗೆ ಅಂತ. "ಐ ವಾಸ್ ರಿಪ್ಡ್ ಆಫ್." ಇನ್ನೊಂದು ಚಂದದ್ದು ಇದೆ, "ಫ್ಲೀಸ್ಡ್". ಫ್ಲೀಸ್ ಅಂದರೆ ಕುರಿಯ ತುಪ್ಪಟ. ಕುರಿಯ ತುಪ್ಪಟ ಕತ್ತರಿಸಿದ ಹಾಗೆ ನಮ್ಮನ್ನು ಕತ್ತರಿಸಿದರು ಅಂತ. ನಾವು ತಲೆ ಬೋಳಿಸಿದರು ಅನ್ನುವುದಿಲ್ವಾ? ಅಲ್ಲಿ ಕುರಿ, ಇಲ್ಲಿ ನಾವೇ. ಆದರೆ ಎಂಆರ್‌ಪಿ ಅನ್ನುವ ಪದ ಹೊರಗಿನವರ ಹತ್ತಿರ ಆಡಬೇಡಿ. ಅದು ನಮ್ಮ ದೇಶದ ರೂಢಿ, ಇಂಗ್ಲೆಂಡಿನ ಗಿರಾಕಿಗಳಿಗೆ ನಾನು ಬಿಡಿಸಿ ಹೇಳಬೇಕಾಯಿತು.

ಮಾನ್ವಿ ಮಾಸ್ತರ್

ಖರ್ಚಿನ ಮಾತಿಗೆ ಬರೋಣ, ಇದು ನನಗೆ ಬಹಳ ಇಷ್ಟದ ವಿಷಯ. ನಾವು ಏನನ್ನುತ್ತೇವೆ? "ಜಾತ್ರೆಯಲ್ಲಿ ಸಾವಿರ ರೂಪಾಯಿ ಖರ್ಚಾಯಿತು." ಯಾರು ಖರ್ಚು ಮಾಡಿದರು? ಯಾರೂ ಇಲ್ಲ! ದುಡ್ಡು ತಾನೇ ಖರ್ಚಾಯಿತು. ಮನೆಯಲ್ಲಿ ಹೆಂಡತಿ ಕೇಳಿದಾಗ ಈ ವಾಕ್ಯ ಎಷ್ಟು ಅನುಕೂಲ ನೋಡಿ. ಇಂಗ್ಲಿಷ್‌ನಲ್ಲಿ ಈ ಸೌಲಭ್ಯ ಕಡಿಮೆ. "ಐ ಸ್ಪೆಂಟ್ ಎ ಥೌಸಂಡ್ ರುಪೀಸ್" ಅಂತ ಒಪ್ಪಿಕೊಳ್ಳಬೇಕು. ಮಕ್ಕಳು "ಥೌಸಂಡ್ ರುಪೀಸ್ ಬಿಕೇಮ್ ಎಕ್ಸ್‌ಪೆನ್ಸ್" ಅಂತ ಬರೆಯುತ್ತಿದ್ದರು. ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರ ಪರ ಇದ್ದೆ.

ತಪ್ಪಿಸಿಕೊಳ್ಳಲೇಬೇಕಾದರೆ ಒಂದು ದಾರಿ ಇದೆ. "ಇಟ್ ಕಾಸ್ಟ್ ಮಿ ಎ ಥೌಸಂಡ್." ನನಗೆ ಸಾವಿರ ಬಿತ್ತು. ತಪ್ಪು ಸಾಮಾನಿನದ್ದು.

ಸ್ಪೆಂಡ್ ಮುಂದೆ "ಆನ್" ಬರುತ್ತದೆ. "ಐ ಸ್ಪೆಂಟ್ 500 ಆನ್ ಬುಕ್ಸ್." ಪೇ ಮುಂದೆ "ಫಾರ್". "ಐ ಪೇಡ್ ಫಾರ್ ದಿ ಬುಕ್ಸ್." ಇವೆರಡು ಅದಲು ಬದಲಾಗುವುದು ಬಹಳ.

ಬಿಸಿಲು ನಾಡು

ಲೆಂಡ್, ಬಾರೋ? ಎಷ್ಟು ಸಲ ಓದಿದರೂ ತಿರುಗುಮುರುಗು ಆಗುತ್ತದೆ.

ಮಾನ್ವಿ ಮಾಸ್ತರ್

ಕೊಡುವವನು ಲೆಂಡ್, ತಗೊಳ್ಳುವವನು ಬಾರೋ. ಸಾಲ ಕೇಳಲು ಬಂದವನಿಗೆ "ಬಾರೋ" ಅನ್ನುತ್ತೀರಲ್ಲ, ಹಾಗೆ ನೆನಪಿಟ್ಟುಕೊಳ್ಳಿ.

ಬಿಸಿಲು ನಾಡು

ಹಹಹ. ಇದು ಸಾಯುವ ತನಕ ಮರೆಯುವುದಿಲ್ಲ.

ಕೌಲ್‌ಬಜಾರ್ ಲೆಕ್ಕ

ಉತ್ತರ ಬಂತು! "ಥ್ಯಾಂಕ್ಸ್. ದಟ್ ಮೇಕ್ಸ್ ಸೆನ್ಸ್. ಕ್ಯಾನ್ ಯು ಡು ಎನಿ ಬೆಟರ್?" ಅಂತ. ಇನ್ನೂ ಚೆನ್ನಾಗಿ ಮಾಡಬಹುದಾ ಅಂತ ಕೇಳಿದರು. ನಾನು ತಕ್ಷಣ "ಯೆಸ್, ವಿ ಕ್ಯಾನ್ ಡು ಡಬಲ್ ಸ್ಟಿಚ್" ಅಂತ ಕಳಿಸಿದೆ. ನಮ್ಮ ಕಟಿಂಗ್ ಮಾಸ್ಟರ್ ಬೇರೆ ಎದೆ ಉಬ್ಬಿಸಿಕೊಂಡು ಕೂತಿದ್ದಾರೆ.

ಸಿಂಧನೂರು ಹುಡುಗಿ

ಅಕ್ಕಾ!!! ಅದು ಹೊಲಿಗೆ ಮಾತಲ್ಲ. ರೇಟು ಇನ್ನೂ ಇಳಿಸುತ್ತೀರಾ ಅಂತ ಕೇಳಿದ್ದು. "ವಾಟ್ಸ್ ಯುವರ್ ಬೆಸ್ಟ್ ಪ್ರೈಸ್?" ಅಂದರೂ ಅದೇ. ಕೊನೆ ರೇಟು ಹೇಳಿ ಅಂತ.

ಗಂಜ್ ಗುಮಾಸ್ತ

ಈಗ ಅದೇ 420ಕ್ಕೆ ಡಬಲ್ ಹೊಲಿಗೆಯೂ ಕೊಡಬೇಕು. ಅಮ್ಮ, ಬೇಗ ಬರೆಯಿರಿ, ಡಬಲ್ ಹೊಲಿಗೆಗೆ ಬೇರೆ ರೇಟು ಅಂತ.

ಕೌಲ್‌ಬಜಾರ್ ಲೆಕ್ಕ

ಡಿಲೀಟ್ ಮಾಡಿದೆ. ಅವರು ಓದಿಯಾಗಿತ್ತು. ನಗುವ ಮುಖ ಕಳಿಸಿದ್ದಾರೆ. ಈಗ ಏನು ಬರೆಯಲಿ? 400ಕ್ಕೆ ಬರಬಹುದು. ಅದಕ್ಕಿಂತ ಕೆಳಗೆ ನಮಗೆ ಗಿಟ್ಟುವುದಿಲ್ಲ.

ಸಿಂಧನೂರು ಹುಡುಗಿ

ಗಿಟ್ಟಲ್ಲ ಅನ್ನುವುದಕ್ಕೆ "ದಟ್ ಡಸಂಟ್ ವರ್ಕ್ ಫಾರ್ ಅಸ್" ಅನ್ನುತ್ತಾರೆ. ಕೋಪ ಇಲ್ಲದ ಮಾತು. ಇನ್ನೂ ಗಟ್ಟಿಯಾಗಿ ಬೇಕಾದರೆ "ವಿ ಕಾಂಟ್ ಗೋ ಬಿಲೋ 400." ಅದರ ಕೆಳಗೆ ಹೋಗಲಾರೆವು. ಅಸಲಿಗೂ ಬರುವುದಿಲ್ಲ ಅನ್ನಬೇಕಾದರೆ "ದಟ್ಸ್ ಬಿಲೋ ಕಾಸ್ಟ್." ಇಲ್ಲಿ ಕಾಸ್ಟ್ ನಿಮ್ಮ ಅಸಲೇ, ಈ ಸಲ ಸರಿಯಾದ ಜಾಗದಲ್ಲಿ.

ಇಳಿಸುವಾಗ ಸುಮ್ನೆ ಇಳಿಸಬೇಡಿ. ಬದಲಿಗೆ ಏನಾದರೂ ಕೇಳಿ. "ಇಫ್ ಯು ಟೇಕ್ 300 ಪೀಸಸ್, ವಿ ಕ್ಯಾನ್ ಡು 400."

ಗಂಜ್ ಗುಮಾಸ್ತ

ಇದು ಸರಿಯಾದ ವ್ಯಾಪಾರ. ಸಂಖ್ಯೆ ಬರೆಯುವಾಗ ಒಂದು ಜಾಗ್ರತೆ. 300 ಪೀಸು 400ಕ್ಕೆ ಅಂದರೆ ಒಂದು ಲಕ್ಷ ಇಪ್ಪತ್ತು ಸಾವಿರ. ನಾವು 1,20,000 ಅಂತ ಬರೆಯುತ್ತೇವೆ. ಅವರು 120,000. ಅಲ್ಪವಿರಾಮ ಮೂರು ಮೂರು ಅಂಕೆಗೆ. ಅವರ ಇಂಗ್ಲಿಷ್‌ನಲ್ಲಿ ಲಕ್ಷ ನಡೆಯುವುದಿಲ್ಲ, ನೂರು ಸಾವಿರ ಅನ್ನಬೇಕು. ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್. ನನ್ನ ಮಗ ಹೇಳಿಕೊಟ್ಟದ್ದು. ಸಾವಿರಕ್ಕೆ ಕೆ ಹಾಕುತ್ತಾರಂತೆ, 120 ಕೆ. ಕೆ ಅಂದರೆ ಕಿಲೋ. ಮೊದಲ ಸಲ ನೋಡಿದಾಗ ನಾನು ನೂರಿಪ್ಪತ್ತು ಕಿಲೋ ಹತ್ತಿ ಅಂದುಕೊಂಡಿದ್ದೆ.

ಸಣಾಪುರ ಹರಿಗೋಲು

ಅಕ್ಕ, ಏನಾಯಿತು? ಎರಡು ದಿನ ಆಯಿತು ಸುದ್ದಿಯೇ ಇಲ್ಲ.

ಕೌಲ್‌ಬಜಾರ್ ಲೆಕ್ಕ

ವಾಷಿಂಗ್‌ಗೆ ಕೊಟ್ಟ ಲಾಟು ಬಂದಿತ್ತು, ಎಣಿಸುವುದರಲ್ಲಿ ಇದ್ದೆ. ಆಯಿತು! 300 ಪೀಸು, 400ರಂತೆ. ಮೊದಲು ಆರು ಪೀಸು ಸ್ಯಾಂಪಲ್ ಕಳಿಸಬೇಕು. ಅದರ ಕೊರಿಯರ್ ದುಡ್ಡು ಅವರೇ ಕೊಡುತ್ತಾರೆ. "ವಿ ವಿಲ್ ಕವರ್ ದಿ ಶಿಪ್ಪಿಂಗ್" ಅಂದರು. ಕವರ್ ಅಂದರೆ ಪ್ಯಾಕಿಂಗ್ ಅಂದುಕೊಂಡಿದ್ದೆ. ಈ ಸಲ ಉತ್ತರ ಕೊಡುವ ಮೊದಲು ಡಿಕ್ಷನರಿ ನೋಡಿದೆ. ಖರ್ಚು ಅವರದು ಅಂತ.

ಒಂದೇ ಒಂದು ಉಳಿದಿದೆ. ಕೊನೆಯಲ್ಲಿ "ಅವರ್ ಟರ್ಮ್ಸ್ ಆರ್ ನೆಟ್ ಥರ್ಟಿ" ಅಂತ ಬರೆದಿದ್ದಾರೆ. ಮೂವತ್ತು ರೂಪಾಯಿ ಕಡಿತ ಮಾಡುತ್ತಾರಾ? ಮೂವತ್ತು ಪರ್ಸೆಂಟಾ? ಡಿಕ್ಷನರಿಯಲ್ಲಿ ನೆಟ್ ಅಂದರೆ ಬಲೆ ಅಂತ ಇದೆ. ಭಯ ಆಯಿತು.

ಸಿಂಧನೂರು ಹುಡುಗಿ

ಕಡಿತ ಅಲ್ಲ ಅಕ್ಕ. ಇನ್‌ವಾಯ್ಸ್ ಕೊಟ್ಟ ದಿನದಿಂದ ಮೂವತ್ತು ದಿನದೊಳಗೆ ಪೂರ್ತಿ ದುಡ್ಡು ಕೊಡುತ್ತಾರೆ ಅಂತ. ಮೊದಲೇ ಕೊಡುವುದಿಲ್ಲ.

ಗಂಜ್ ಗುಮಾಸ್ತ

ಅಂದರೆ ಉದ್ರಿ. ಅಮ್ಮ, ಉದ್ರಿ ಅದು! ಟೈ ಕಟ್ಟಿಕೊಂಡು ಬಂದಿದೆ ಅಷ್ಟೇ. ಗುರುತಿಲ್ಲದ ಪಾರ್ಟಿಗೆ ಮೊದಲ ಸಲವೇ ಉದ್ರಿ ಕೊಡುತ್ತೀರಾ?

ಕೌಲ್‌ಬಜಾರ್ ಲೆಕ್ಕ

ನಮ್ಮ ಮಾವನವರು ಅಂಗಡಿಯಲ್ಲಿ ಬೋರ್ಡೇ ಹಾಕಿದ್ದರು, ಇಂದು ನಗದು ನಾಳೆ ಉದ್ರಿ ಅಂತ. "ಫಿಫ್ಟಿ ಪರ್ಸೆಂಟ್ ಇನ್ ಅಡ್ವಾನ್ಸ್, ದಿ ಬ್ಯಾಲೆನ್ಸ್ ಬಿಫೋರ್ ಶಿಪ್ಪಿಂಗ್." ಹೀಗೆ ಬರೆದಿದ್ದೇನೆ. ಬ್ಯಾಲೆನ್ಸ್ ಇಲ್ಲಿ ಸರಿಯಾಗಿದೆ ಅಲ್ವಾ?

ಸಿಂಧನೂರು ಹುಡುಗಿ

ಸರಿಯಾಗಿದೆ. ಕಳಿಸಿ.